ರಾಗಿಯ ಮೇಲೆ ಮಲಗಿದ ದನ

ಹರದನಹಳ್ಳಿಯ ಚಿಕ್ಕಲಕ್ಷ್ಮಮ್ಮ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಮುಂದಿನದನ್ನು ಕೇಳಿದ ಮೇಲೆ ಯಾರೂ ನಂಬುವುದಿಲ್ಲ. ಬಾಣಂತಿಯರಿಗೆ ನೀರು ಹಾಕುವುದರಲ್ಲಿ, ಹಸಿದು ಬಂದವರ ಮುಂದೆ ಬಿಸಿ ಮುದ್ದೆ ಇಡುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಮೈದುನನ ಹೆಂಡತಿ ನಂಜಮ್ಮನ ಹೆಸರು ಕಿವಿಗೆ ಬಿತ್ತೋ, ಹೊಟ್ಟೆಯೊಳಗೆ ಒಲೆ ಹತ್ತಿಕೊಳ್ಳುತ್ತಿತ್ತು.

ಒಲೆ ಹಚ್ಚಿದ್ದು ಮನೆ ಪಾಲು. ಅವಳ ಗಂಡ ಚನ್ನಪ್ಪ, ಅವನ ತಮ್ಮ ರಂಗಸ್ವಾಮಿ ಬೇರೆಯಾದಾಗ ಮನೆಗೆ ನಡುಗೋಡೆ ಬಂತು, ಹೊಲಕ್ಕೆ ಬದು ಬಂತು. ಹಿತ್ತಲಲ್ಲಿದ್ದ ಹಗೇವನ್ನು ಮಾತ್ರ ಎರಡು ಮಾಡಲಾಗಲಿಲ್ಲ. ನೆಲದೊಳಗೆ ಮಡಕೆಯ ಹಾಗೆ ತೋಡಿದ ಕಣಜ ಅದು. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡದು. ಹಿರಿಯರು ಕೂತು ಹಗೇವು ತಮ್ಮನಿಗೆ, ಬಾವಿ ಅಣ್ಣನಿಗೆ ಎಂದರು. ಬಾವಿಯ ನೀರನ್ನು ಊರೆಲ್ಲ ಸೇದಿತು. ಹಗೇವಿನ ರಾಗಿಯನ್ನು ನಂಜಮ್ಮ ಒಬ್ಬಳೇ ತೆಗೆದಳು. "ಆ ಗುಂಡಿ ಕಾಳು ನನ್ನ ಮನೆ ಒಸ್ಲು ದಾಟಿದ್ರೆ ನಾನು ಅರಕಲಗೂಡಿನ ಮಗಳೇ ಅಲ್ಲ ಕಣ್ರೀ," ಎಂದು ಚಿಕ್ಕಲಕ್ಷ್ಮಮ್ಮ ಬಾವಿಕಟ್ಟೆಯ ಮೇಲೆ ಎಲ್ಲರೆದುರು ಆಣೆಯಿಟ್ಟಳು. ಅವಳ ತವರು ಅರಕಲಗೂಡು. ಅಲ್ಲಿನವರಿಗೆ ಆಣೆ ಬೇಗ ಬರುತ್ತದೆಯೋ, ಇವಳಿಗೇ ಬರುತ್ತಿತ್ತೋ, ನನಗೆ ತಿಳಿಯದು.

ಆಮೇಲೆ ಜರ್ಮನಿಯವರ ಯುದ್ಧ ಬಂತು, ಯುದ್ಧದ ಹಿಂದೆ ಲೆವಿ ಬಂತು. ಮನೆಮಂದಿಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ರಾಗಿಯನ್ನೆಲ್ಲ ಸರ್ಕಾರ ಹೇಳಿದ ಬೆಲೆಗೆ ಅಳೆದುಕೊಡಬೇಕು, ಬಚ್ಚಿಟ್ಟರೆ ಕೇಸು. ಊರಿಗೂ ತನ್ನದೇ ಒಂದು ಕಾನೂನಿತ್ತು: ಬಚ್ಚಿಡುವವನು ಬಚ್ಚಿಡಲಿ, ಹೇಳಿಕೊಡುವವನ ಬಾಯಿಗೆ ಹುಳ ಬೀಳಲಿ. ಪೇಟೆಯಲ್ಲಿ ರೇಷನ್ ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಊರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮಣ್ಣು ಮೆತ್ತುತ್ತಿದ್ದರು. ಎರಡು ಕಾನೂನಿನಲ್ಲಿ ಯಾವುದು ದೊಡ್ಡದು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ವರ್ಷ ಒಕ್ಕಣೆಯ ಹೊತ್ತಿಗೆ ಚಿಕ್ಕಲಕ್ಷ್ಮಮ್ಮ ತಂಗಿಯ ಬಾಣಂತನಕ್ಕೆ ಅರಕಲಗೂಡಿಗೆ ಹೋಗಿದ್ದಳು. ತಿರುಗಿ ಬಂದು ನೋಡಿದರೆ ನಡುಮನೆಯ ಮಣ್ಣಿನ ವಾಡೆಯಲ್ಲಿ ರಾಗಿ ಅರ್ಧಕ್ಕೂ ಇಲ್ಲ. "ಈ ಸಲ ಕಾಳು ಕೂರ್ಲಿಲ್ಲ ಕಣೆ. ಲೆವಿಗೂ ಓಯ್ತು," ಎಂದ ಚನ್ನಪ್ಪ, ಮುಖ ಆಚೆ ತಿರುಗಿಸಿ. ಮಗಳು ಬೆಟ್ಟಮ್ಮನ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಬೀಗರ ಮುಂದೆ ಏನು ಬಡಿಸುವುದೆಂದು ಅವಳು ತಲೆಯ ಮೇಲೆ ಕೈಹೊತ್ತು ಕೂತಳು.

ಅಷ್ಟರಲ್ಲಿ ನೆರೆಯ ಸುಬ್ಬಮ್ಮ ಬೆಂಕಿಗೆ ತುಪ್ಪ ಸುರಿಯಲು ಬಂದಳು. "ನಿಮ್ ವಾರಗಿತ್ತಿ ಹಗೇವು ಈ ಸಲ ಕಂಠಮಟ್ಟ ತುಂಬೈತಂತೆ ಕಣಕ್ಕ. ಮ್ಯಾಲೆ ಗೊಂತು ಕಟ್ಟಿ ದನ ಬಿಟ್ಟವ್ರೆ." ಚಿಕ್ಕಲಕ್ಷ್ಮಮ್ಮ ಹಿತ್ತಲಿಗೆ ಹೋಗಿ ನೋಡಿದಳು. ಹಗೇವಿನ ಬಾಯಿ ಕಾಣದ ಹಾಗೆ ದನಕ್ಕೆ ಮೇವು ಹಾಕುವ ಹೊಸ ಗೊಂತು ಎದ್ದಿತ್ತು. ನಂಜಮ್ಮನ ಹಸು ಅದರ ಮುಂದೆ ಕಾಲು ಮಡಚಿ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಆ ಹಸುವಿನ ಸುಖವನ್ನೂ ಅವಳಿಂದ ನೋಡಲಾಗಲಿಲ್ಲ. ಒಂದೇ ಬದು, ಒಂದೇ ಮಳೆ. ಅವಳಿಗೆ ಕಂಠಮಟ್ಟ, ನನಗೆ ಅರ್ಧ ವಾಡೆ! ಕಾನೂನು ಕಣ್ಣಿಗೆ ಕಾಣುವ ವಾಡೆಗೆ ಮಾತ್ರವೋ? ಅಂದು ಅವಳಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ.

ವಾರ ಕಳೆದು ಹೊಳೆನರಸೀಪುರದಿಂದ ಶೇಕದಾರ ಗಂಗಾಧರಯ್ಯ ಇಬ್ಬರು ಜವಾನರ ಜೊತೆ ತಪಾಸಣೆಗೆ ಬಂದರು. ಕಂದಾಯ, ಲೆವಿ ಎಲ್ಲವನ್ನೂ ಹೊತ್ತು ಹೋಬಳಿ ಸುತ್ತಿ ಸುತ್ತಿ ಬೇಸತ್ತ ಮನುಷ್ಯ. ಗಂಡಸರು ಹೊಲದಲ್ಲಿದ್ದರು. ಶೇಕದಾರರು ರಂಗಸ್ವಾಮಿಯ ಮನೆ ನೋಡಿದರು, ಅಟ್ಟ ನೋಡಿದರು, ಹಿತ್ತಲಿಗೂ ಬಂದು ಏನೂ ಕಾಣದೆ ಹೊರಟರು.

ಚಿಕ್ಕಲಕ್ಷ್ಮಮ್ಮ ಅವರಿಗೆ ಏನೂ ಹೇಳಲಿಲ್ಲ. ಸತ್ಯವಾಗಿಯೂ ಹೇಳಲಿಲ್ಲ. ಬಾಯಿಗೆ ಹುಳ ಬೀಳುವ ಕೆಲಸ ಅವಳೇಕೆ ಮಾಡಿಯಾಳು? ಸಗಣಿ ಬಾಚುತ್ತಿದ್ದವಳು ತನ್ನ ಹಸು ಕೆಂದಿಯ ಬೆನ್ನಿಗೊಂದು ಬಿಗಿದು, ಊರಿಗೆ ಕೇಳುವ ಹಾಗೆ ಬೈದಳು, ಅಷ್ಟೇ. "ನಿನ್ ಅಣೇಬರ ಇಷ್ಟೇ ಕಣೆ ಮುಂಡೆ, ಸಗಣಿ ಮ್ಯಾಲೇ ಬಿದ್ಕೊ! ಪುಣ್ಯ ಮಾಡಿದ್ ದನ ರಾಗಿ ಮ್ಯಾಲೆ ಮಲಗ್ತವೆ!"

ಗಂಗಾಧರಯ್ಯನವರ ಕಾಲು ನಿಂತಿತು. ಅವಳ ಕಡೆ ನೋಡಿದರು, ಗೊಂತಿನ ಕಡೆ ನೋಡಿದರು. ಕೇಳಿಸಲಿಲ್ಲ ಎಂದು ಹೋಗಿಬಿಡುವ ಆಸೆ ಅವರಿಗೂ ಇತ್ತೆಂದು ಕಾಣುತ್ತದೆ. ಆದರೆ ಜವಾನರಿಗೂ ಕೇಳಿಸಿತ್ತು. "ಗೊಂತು ತೆಗೀರಪ್ಪ," ಎಂದರು, ನಿಟ್ಟುಸಿರು ಬಿಟ್ಟು.

ಚಪ್ಪಡಿ ಎತ್ತಿದ ಕೂಡಲೆ ಹಗೇವಿಗೆ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು. ದೀಪ ಪಕ್ಕನೆ ಆರಿತು. ಇನ್ನು ಅದು ಆರದೆ ಉರಿಯುವವರೆಗೂ ಕಾಯಬೇಕು. ಊರೆಲ್ಲ ಹಿತ್ತಲಲ್ಲಿ ನೆರೆಯಿತು. ನಂಜಮ್ಮ ತುಟಿ ಕಚ್ಚಿ ಗೋಡೆಗೆ ಒರಗಿದ್ದಳು. ಚಿಕ್ಕಲಕ್ಷ್ಮಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ವಾರಗಿತ್ತಿಯ ಬಿಳಚಿದ ಮುಖವನ್ನು ಅವಳು ಕಣ್ತುಂಬ ನೋಡಿದಳು.

ಸುದ್ದಿ ಕೇಳಿ ಅಣ್ಣತಮ್ಮಂದಿರಿಬ್ಬರೂ ಹೊಲದಿಂದ ಓಡಿಬಂದರು. ರಂಗಸ್ವಾಮಿ ತಲೆ ತಗ್ಗಿಸಿ ನಿಂತ. ಆದರೆ ಚನ್ನಪ್ಪ ಕುಸಿದು ಕೂತ. ಇವರಿಗೇನಾಯಿತು ಎಂದು ಅವಳು ಹತ್ತಿರ ಹೋದಳು.

"ಬೆಟ್ಟಮ್ಮನ ಮದ್ವೆ ಓಯ್ತು ಕಣೆ," ಎಂದ ಚನ್ನಪ್ಪ ಪಿಸುಮಾತಿನಲ್ಲಿ. "ನಮ್ ರಾಗೀನೂ ಅದ್ರಾಗೇ ಐತೆ. ನೀನು ಊರಲ್ ಇರ್ಲಿಲ್ಲ. ಯೇಳಿದ್ರೆ ನೀನು ಒಪ್ತಿದ್ದಾ? ನಂಜಮ್ಮನೇ ಅಂದ್ಲು, ಅಕ್ಕಂಗೆ ಗೊತ್ತಾಗ್ದಂಗೆ ಸುರೀರಿ ಬಾವ ಅಂತ."

ಕಂಠಮಟ್ಟ ತುಂಬಿದ್ದು ಯಾಕೆಂದು ಚಿಕ್ಕಲಕ್ಷ್ಮಮ್ಮನಿಗೆ ಈಗ ತಿಳಿಯಿತು. ಅವಳು ಹೊಟ್ಟೆಕಿಚ್ಚುಪಟ್ಟದ್ದು ತನ್ನ ರಾಗಿಯ ಮೇಲೆಯೇ.

ಕೊನೆಗೂ ದೀಪ ಆರದೆ ಉರಿಯಿತು. ಜವಾನ ಇಳಿದು ಮೊದಲ ಕುಕ್ಕೆ ಮೇಲೆ ಕೊಟ್ಟ. "ಒಂದು ಮನೆ ಬೆಳೆ ಇಷ್ಟಿರೋಕೆ ಸಾಧ್ಯವಿಲ್ಲ. ಯಾರ್ಯಾರದು ಇದು?" ಎಂದರು ಗಂಗಾಧರಯ್ಯ. ಚನ್ನಪ್ಪ ಎದ್ದು ನಿಂತು ಬಾಯಿ ತೆರೆದ. ಅಷ್ಟರಲ್ಲಿ ನಂಜಮ್ಮ ಮುಂದೆ ಬಂದಳು.

"ಎಲ್ಲಾ ನಮ್ದೇ ಸಾ. ಬಾವನೋರ್ದು ಒಂದು ಕಾಳೂ ಇಲ್ಲ."

ರಾಗಿ ಗಾಡಿಗೆ ಏರಿತು. ರಂಗಸ್ವಾಮಿ ಹೊಳೆನರಸೀಪುರದ ಕೋರ್ಟು ಕಂಡು, ದಂಡ ತೆತ್ತು ಬಂದ. ಬೆಟ್ಟಮ್ಮನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಬಾವಿಕಟ್ಟೆಯಲ್ಲಿ ಹೆಂಗಸರು ಮಾತಾಡಿದರು: ಎದುರಿನವರಿಗೆ ಅಪಶಕುನವಾಗಲಿ ಅಂತ ಮೂಗು ಕೊಯ್ದುಕೊಂಡವಳು ಒಬ್ಬಳು, ಭೂಮಿತೂಕದವಳು ಇನ್ನೊಬ್ಬಳು. ಮೊದಲನೆಯ ಮಾತು ಚಿಕ್ಕಲಕ್ಷ್ಮಮ್ಮನಿಗೆ ಅಷ್ಟಾಗಿ ನಾಟಲಿಲ್ಲ. ಎರಡನೆಯದು ಮುಳ್ಳಿನಂತೆ ಒಳಗೇ ಮುರಿದುಕೊಂಡಿತು. ಮೊದಲು ನಂಜಮ್ಮನ ಹಗೇವು ಕಂಡು ಉರಿಯುತ್ತಿದ್ದವಳು ಈಗ ಅವಳ ಹೆಸರು ಕಂಡು ಉರಿದಳು. ಹಗೇವಾದರೆ ಶೇಕದಾರರು ಬರಿದು ಮಾಡಬಲ್ಲರು, ಒಳ್ಳೆಯ ಹೆಸರನ್ನು ಯಾವ ಸರ್ಕಾರ ಲೆವಿ ಎತ್ತೀತು?

ಮರುವರ್ಷದ ಒಕ್ಕಣೆಯಾಯಿತು. ಈ ಸಲ ಇಬ್ಬರೂ ಲೆವಿ ಅಳೆದುಕೊಟ್ಟಿದ್ದರು. ನಂಜಮ್ಮ ಹಗೇವಿನ ಬಾಯಿ ತೆಗೆಸಿ ನಡುಗೋಡೆಯ ಮೇಲಿಂದ ಕೂಗಿದಳು. "ಅಕ್ಕಾ, ನಿಮ್ ಉಳಿಕೆ ರಾಗೀನೂ ತನ್ನಿ. ವಾಡೇಲಿ ಉಳ ಬೀಳ್ತದೆ."

ಚಿಕ್ಕಲಕ್ಷ್ಮಮ್ಮ ಕುಕ್ಕೆ ಹೊತ್ತು ಹೋದಳು. ಹಗೇವಿನ ಬಾಯಲ್ಲಿ ಕುಕ್ಕೆ ಇಳಿಸಿದಳು. "ನಂಜಿ, ಅವತ್ತು ನಾನು ಶೇಕದಾರ್ರಿಗೆ ಏನೂ ಯೇಳ್ಲಿಲ್ಲ ಕಣೆ…"

"ಉಂ, ಕೆಂದಿಗೆ ಯೇಳಿದ್ರಿ. ಗೋಡೆ ಪಕ್ಕದಾಗೇ ಇದ್ದೆ, ನಂಗೇನು ಕಿವುಡಾ? ಒಟ್ಟೆ ತುಂಬ ಬೈಕೊಂಡೆ ನಿಮ್ಮುನ್ನ. ಇಬ್ರೂ ಗಂಡಸ್ರು ಕೋರ್ಟಿಗೋದ್ರೆ ಒಲ ಉಳೋರು ಯಾರು ಅಂತ ಎಲ್ಲಾ ನಮ್ದೇ ಅಂದೆ. ಸುರೀರಿ, ಒತ್ತಾಯ್ತು."

ಚಿಕ್ಕಲಕ್ಷ್ಮಮ್ಮ ಸುರಿದಳು. ಹಳೆಯ ಚಟ, ಕಣ್ಣು ತಾನೇ ತಾನಾಗಿ ಒಳಗೆ ಬಗ್ಗಿತು: ಅವಳದೆಷ್ಟು, ತನ್ನದೆಷ್ಟು? ಕೆಳಗೆ ಎರಡು ಮನೆಯ ರಾಗಿ ಬೆರೆತು ಒಂದೇ ಕೆಂಪಾಗಿತ್ತು. ಏನೂ ಗೊತ್ತಾಗಲಿಲ್ಲ. ಅವಳು ಬರಿಯ ಕುಕ್ಕೆ ಹಿಡಿದು ಅಲ್ಲೇ ಕೂತು ಗಳಗಳನೆ ಅತ್ತಳು. ಪಶ್ಚಾತ್ತಾಪ ಎಂದುಕೊಂಡು ನಂಜಮ್ಮ ಬೆನ್ನು ಸವರಿದಳು. ಅದೂ ಇದ್ದಿರಬಹುದು.