ಜೋರ್ಡಾನಿನ ದಾರಿ

ಕೊಲ್ಲಿ ಯುದ್ಧ ಮುಗಿದ ವರ್ಷ, ಅಕ್ಟೋಬರ್ ಕೊನೆಯಲ್ಲಿ, ಸ್ಪೇನಿನಲ್ಲಿ ಅರಬರ ಮತ್ತು ಇಸ್ರೇಲಿನ ಶಾಂತಿ ಮಾತುಕತೆ ನಡೆಯುತ್ತಿತ್ತು. ಕುವೈತಿನ ರಿಗ್ಗೈಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಪ್ಯಾಲೆಸ್ತೀನಿ ಗೆಳೆಯ ಅದನ್ನು ನೋಡಲು ನಮ್ಮ ಟಿ.ವಿ. ಮುಂದೆ ಕೂರುತ್ತಿದ್ದ. ಅವನ ಟಿ.ವಿ. ಇರಾಕಿನ ಆಕ್ರಮಣದ ದಿನಗಳಲ್ಲಿ ಕಳವಾಗಿತ್ತು, ಅಥವಾ ಅವನೇ ಮಾರಿದ್ದ. ಈಗ ಖಚಿತವಿಲ್ಲ.

ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಒಂದೇ ಕಾನೂನಿನಡಿ ಬಾಳುವ ನಾಡು ತನ್ನ ನಾಯಕನ ಕನಸು ಎಂದು ಅವನು ನಂಬಿ ಬೆಳೆದವನು. ಆ ನಾಯಕ ಕುವೈತನ್ನು ಹಿಡಿದ ಇರಾಕಿನ ದೊರೆಯ ಪರ ನಿಂತ. ಅದರ ಫಲವಾಗಿ ಇಲ್ಲಿನ ಪ್ಯಾಲೆಸ್ತೀನಿಯರೆಲ್ಲ ಅನುಮಾನಕ್ಕೆ ಗುರಿಯಾದರು. ಗೆಳೆಯನ ಹೊಣೆ ಹೊತ್ತಿದ್ದ ಕುವೈತಿ ಮಾಲೀಕ, ಅವನ ಕಫೀಲ್, ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಿಸಲು ಒಪ್ಪಲಿಲ್ಲ. ಇನ್ನು ಉಳಿದದ್ದು ಜೋರ್ಡಾನ್. ಇರಾಕ್ ದಾಟಿ, ರಸ್ತೆಯಲ್ಲಿ. ಜೊತೆಗೆ ಹೃದಯದ ಕಾಯಿಲೆಯ ತಾಯಿ.

ಮಾತುಕತೆಯ ಮೇಜಿನಲ್ಲಿ ಅವನ ನಾಯಕನಿಗೆ ಕುರ್ಚಿಯಿರಲಿಲ್ಲ.

"ಕುರ್ಚಿ ಇಲ್ಲದಿದ್ದರೇನು ಭಾಯಿ, ಅಲ್ಲಿ ನಮ್ಮವರು ಆಡುವ ಮಾತು ನಾಯಕರದ್ದೇ," ಎಂದ. "ಇದು ಕೈಗೂಡಿದರೆ ಅಮ್ಮ ನೇರ ಪ್ಯಾಲೆಸ್ತೀನಿನ ತನ್ನ ಊರಿಗೇ ಹೋಗುತ್ತಾಳೆ. ಸ್ವಲ್ಪ ಕಾಯೋಣ."

ನಾವು ಆಡುತ್ತಿದ್ದದ್ದು ಅರಬ್ಬಿ ಬೆರೆತ ಹಿಂದಿ. ಕನ್ನಡಕ್ಕೆ ತರುವಾಗ ಅವನ ನಂಬಿಕೆಯನ್ನು ನಾನು ಹೆಚ್ಚಿಸಿದೆನೋ ಕುಗ್ಗಿಸಿದೆನೋ ಗೊತ್ತಿಲ್ಲ.

ಹಿಂದಿನ ವರ್ಷ ಆಕ್ರಮಣವಾದಾಗ ನಾನು, ಹೆಂಡತಿ ಬಸ್ಸಿನಲ್ಲಿ ಜೋರ್ಡಾನ್ ಸೇರಿ ಊರಿಗೆ ಓಡಿದ್ದು ಅದೇ ರಸ್ತೆಯಲ್ಲಿ; ಯುದ್ಧ ಮುಗಿದ ಮೇಲೆ ಮರಳಿದ್ದೆವು. "ನನ್ನ ದಾರಿ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಹೇಳು, ಅಮ್ಮ ತಡೆದುಕೊಳ್ಳುತ್ತಾಳಾ?" ಎಂದು ಕೇಳಿದ.

ರಸ್ತೆ ಚೆನ್ನಾಗಿದೆ, ಗಡಿಯಲ್ಲಿ ಡೇರೆಗಳಿದ್ದವು, ನೀರಿನ ಟ್ಯಾಂಕಿತ್ತು ಎಂದೆ. ನನ್ನ ಕಣ್ಣ ಮುಂದೆ ಅದು ಸ್ಪಷ್ಟವಾಗಿತ್ತು.

"ಎಂತ ಟ್ಯಾಂಕು ಮಾರಾಯ್ರೆ?" ಹೆಂಡತಿ ಕನ್ನಡದಲ್ಲೇ ರೇಗಿದಳು. "ನೀರಿನ ಲಾರಿ ಬಂದಾಗ ಜನ ಹೊಡೆದಾಡಿದ್ದು ಮರ್ತೇ ಹೋಯ್ತಾ? ಒಂದು ಬಾಟ್ಲಿ ನೀರಿಗೆ ನಾನು ಕೂಗಿದ್ದುಂಟು. ಆ ಅಜ್ಜಿಯನ್ನು ಕೊಲ್ಲಬೇಡಿ." ಆಮೇಲೆ ಅವನಿಗೆ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದಳು.

ಅವನು ನಕ್ಕ. "ಒಂದೇ ಬಸ್ಸಲ್ಲಿ ಕೂತ ಗಂಡ ಹೆಂಡತಿಗೇ ರಾಜಿಯಿಲ್ಲ. ಇನ್ನು ಸ್ಪೇನಿನಲ್ಲಿ ಕೂತವರನ್ನು ಏನೆನ್ನೋಣ!"

ಸಭೆ ಕೆಲವೇ ದಿನಗಳಲ್ಲಿ ಮುಗಿಯಿತು. ಭಾಷಣ ಮಾಡಿದವರು ಮತ್ತೆ ಸೇರುವುದಾಗಿ ಹೇಳಿ ಚದುರಿದರು. ಅವನ ಇಕಾಮಾಕ್ಕೆ ಅಷ್ಟು ಕಾಲವಿರಲಿಲ್ಲ. ಒಂದು ಬೆಳಿಗ್ಗೆ ಕಾರಿನ ಮುಂದಿನ ಸೀಟಿನಲ್ಲಿ ತಾಯಿಯನ್ನು ಕೂರಿಸಿದ. ನನ್ನ ಹೆಂಡತಿ ತುಂಬಿಟ್ಟ ನೀರಿನ ಕ್ಯಾನುಗಳನ್ನು ನಾವಿಬ್ಬರೂ ಹಿಂದೆ ಜೋಡಿಸಿದೆವು. ನಾಯಕನ ಬಗ್ಗೆಯಾಗಲಿ ಮಾತುಕತೆಯ ಬಗ್ಗೆಯಾಗಲಿ ಅವನು ಏನೂ ಹೇಳಲಿಲ್ಲ.

ಡಿಸೆಂಬರಿನಲ್ಲಿರಬೇಕು, ಫೋನ್ ಬಂತು.

"ನಾನು ತಲುಪಿದೆ," ಎಂದ. ಆಮೇಲೆ, "ಅಮ್ಮನನ್ನು ಇರಾಕಿನಲ್ಲೇ ಮಣ್ಣು ಮಾಡಿದೆ," ಎಂದ. ಊರಿನ ಹೆಸರು ಹೇಳಿದ. "ಹೆದ್ದಾರಿ ಪಕ್ಕದ್ದು. ನಿಮ್ಮ ಬಸ್ಸೂ ಅಲ್ಲಿ ಹಾದಿರಬೇಕು. ನೋಡಿದ ನೆನಪುಂಟಾ? ಹೇಗಿದೆ ಆ ಜಾಗ? ನಾನು ಅವತ್ತು ಸರಿಯಾಗಿ ನೋಡಲಿಲ್ಲ ಭಾಯಿ."

ನನಗೆ ಆ ಹೆಸರು ಕೇಳಿದ ನೆನಪೂ ಇರಲಿಲ್ಲ. ಅವನು ಕೇಳಿದ್ದನ್ನು ಹೆಂಡತಿಗೆ ಪಿಸುಗುಟ್ಟಿದೆ. ಹೆಂಡತಿ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡಳು.

"ನೋಡಿದ್ದೇವೆ ಭಾಯಿ," ಎಂದಳು. "ಒಳ್ಳೆಯ ಜಾಗ. ಖರ್ಜೂರದ ಮರಗಳಿವೆ. ನೆರಳಿದೆ."

ನಿಜವಾಗಿ ನೋಡಿದ್ದಳೇ ಎಂದು ನಾನು ಅವಳನ್ನು ಇವತ್ತಿಗೂ ಕೇಳಿಲ್ಲ.