ಮಗಳ ಕೈ ಮುರಿದವನು

ಸ್ವೀಡನ್ನಿನ ಮಾಲ್ಮೋದ ಕನ್ನಡದವರಲ್ಲಿ ಭಾನುಮತಿಯನ್ನು ಜಗಳಗಂಟಿ ಎಂದು ಯಾರೂ ಕರೆದಿರಲಿಲ್ಲ. ಯುಗಾದಿಗೆ ಹಾಲ್ ಹುಡುಕುವುದು, ಹೊಸದಾಗಿ ಬಂದ ಜೋಡಿಗೆ ಮಗುವನ್ನು ಯಾವ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಸೇರಿಸಬೇಕೆಂದು ಹೇಳುವುದು, ಇಂಥ ಕೆಲಸಗಳಿಗೆ ಎಲ್ಲರೂ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರು ಗದಗ. ಬೆಂಗಳೂರಿನ ಬದರಿನಾಥನನ್ನು ಮದುವೆಯಾದ ಮೇಲೆ ಗದಗಿನ ಮಾತು ನಾಲಿಗೆಯಿಂದ ಮೆಲ್ಲಗೆ ಇಳಿದುಹೋಗಿತ್ತು. ಅವಳು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮ್ ಎಲ್ಲಿ ಎಡವುತ್ತದೆ ಎಂದು ಹುಡುಕಿ ತೋರಿಸುವುದೇ ಕೆಲಸ. ಬದರಿನಾಥ ದಿನಾ ಸಮುದ್ರದ ಮೇಲಿನ ಸೇತುವೆ ದಾಟಿ ಪಕ್ಕದ ದೇಶದ ಕೋಪನ್‌ಹೇಗನ್ನಿನ ಆಫೀಸಿಗೆ ಹೋಗಿಬರುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ನೈನಾ. ಹುಟ್ಟಿದ್ದು ಬೆಳೆದದ್ದು ಎಲ್ಲ ಮಾಲ್ಮೋದಲ್ಲೇ. ಅಮ್ಮ ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವ ಹುಡುಗಿ. ಅಪ್ಪನ ಎತ್ತರ, ಅಮ್ಮನ ಎಣ್ಣೆಗಪ್ಪು ಬಣ್ಣ. ಕ್ಲಬ್ಬಿನ ಹ್ಯಾಂಡ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಎದುರಿನವರು ಹತ್ತಿರದಿಂದ ಬೀಸಿ ಒಗೆದ ಚೆಂಡನ್ನು ಅಂಗೈಯಲ್ಲಿ ತಡೆದು ಹೊರಗೆ ತಳ್ಳುವಾಗ ಅವಳ ಮುಖದಲ್ಲಿ ಬರುವ ಕಳೆ ನೋಡಲೆಂದೇ ಭಾನುಮತಿ ಪ್ರತಿ ಪಂದ್ಯಕ್ಕೂ ಹೋಗುತ್ತಿದ್ದಳು.

ಒಂದು ಫೆಬ್ರವರಿಯ ಶನಿವಾರ ನೈನಾ, ಅದೇ ತಂಡದ ಬಿಳಿಯ ಸ್ವೀಡಿಷ್ ಗೆಳತಿ ಎಬ್ಬಾ ಜೊತೆ ಪೇಟೆಯ ಶಾಪಿಂಗ್ ಮಾಲ್‌ಗೆ ಹೋದಳು. ಒಂದು ಅಂಗಡಿಯಲ್ಲಿ ಏನೂ ಕೊಳ್ಳದೆ ಇಬ್ಬರೂ ಒಟ್ಟಿಗೆ ಹೊರಬಂದರು. ಬಾಗಿಲಲ್ಲಿನ ಅಲಾರಂ ಗೇಟು ಕೂಗಿತು. ಹಿಂದಿನ ವಾರ ನೈನಾ ಹತ್ತಿರದ ಊರಾದ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕೊಂಡಿದ್ದ ಹಸಿರು ಜಾಕೆಟ್ಟಿನ ಒಳಗೆ, ಕಳ್ಳತನ ತಡೆಯಲು ಹಾಕುವ ಟ್ಯಾಗನ್ನು ಅಲ್ಲಿನ ಅಂಗಡಿಯವರು ತೆಗೆಯಲು ಮರೆತಿದ್ದರು. ಜಾಕೆಟ್ಟು ಹಾಕಿದ್ದವಳು ಎಬ್ಬಾ. ಚಳಿ ಎಂದು ನೈನಾಳಿಂದ ಇಸಿದುಕೊಂಡಿದ್ದಳು. ಆದರೂ ಮಾಲ್‌ನ ಗಾರ್ಡ್ ನೇರ ನೈನಾ ಕಡೆಗೇ ಬಂದ. ಇಂಥ ಗಾರ್ಡ್‌ಗಳು ಖಾಸಗಿ ಕಂಪನಿಯವರಾದರೂ ಅವರಿಗೆ ಪರವಾನಗಿ ಕೊಡುವುದು ಪೊಲೀಸರು. ಹಿಡಿಯುವ, ನೆಲಕ್ಕೆ ಕೆಡವುವ ಅಧಿಕಾರವೂ ಇರುತ್ತದೆ.

"ಬ್ಯಾಗ್ ಕೊಡು" ಎಂದ.

"ಯಾಕೆ? ನಾನು ಏನೂ ತಗೊಂಡಿಲ್ಲ" ಎಂದಳು ನೈನಾ.

ಅಷ್ಟಕ್ಕೇ ಅವನು ಅವಳ ಕೈಯನ್ನು ಬೆನ್ನ ಹಿಂದೆ ತಿರುಚಿ ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮೊಣಕಾಲು ಊರಿದ. "ಜಾಕೆಟ್ ನನ್ನ ಮೈಮೇಲಿದೆ, ಕೂಗಿದ್ದು ಇದು" ಎಂದು ಎಬ್ಬಾ ಅಳುತ್ತಾ ಹೇಳಿದರೆ, "ನೀನು ದೂರ ಹೋಗು ಮಗಳೇ" ಎಂದನಂತೆ. ಬ್ಯಾಗಿನಲ್ಲಿ ಏನೂ ಸಿಗಲಿಲ್ಲ. ನೈನಾಳ ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬದರಿನಾಥ ಲ್ಯಾಪ್‌ಟಾಪ್ ತೆಗೆದ.

"ಅವನಿಗೆ ನಾವು ಯಾರು ಅಂತ ಗೊತ್ತಾಗಿಲ್ಲ. ಸೊಮಾಲಿನೋ ಏನೋ ಅಂದ್ಕೊಂಡಿರ್ತಾನೆ. ಕಂಪನಿಗೆ ಮೇಲ್ ಹಾಕ್ತೀನಿ. ನಾವು ಇಂಡಿಯನ್ಸ್, ಇಬ್ರೂ ಐಟಿ, ಇಷ್ಟು ವರ್ಷದಿಂದ ಟ್ಯಾಕ್ಸ್ ಕಟ್ತಿದೀವಿ ಅಂತ."

ನೈನಾ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಸೋಫಾದಲ್ಲಿದ್ದಳು. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು, "ನಾನು ಸೊಮಾಲಿ ಆಗಿದ್ರೆ ಮುರೀಬಹುದಿತ್ತಾ, ಅಪ್ಪಾ?"

ಬದರಿನಾಥ ಲ್ಯಾಪ್‌ಟಾಪ್ ಮುಚ್ಚಿದ. ಮೇಲ್ ಹೋಗಲೇ ಇಲ್ಲ. ಅವನ ಮಾತನ್ನೇ ತಾನೂ ಆಡಿದ್ದು ಭಾನುಮತಿಗೆ ಒಳಗೇ ಕುಟುಕಿತು. ಆಸ್ಪತ್ರೆಯ ನರ್ಸ್ ಮುಂದೆ "ನಾವು ಆ ಥರದವರಲ್ಲ" ಎಂದು ಅವಳೂ ಅಂದಿದ್ದಳು.

ಪೊಲೀಸರಿಗೆ ದೂರು ಕೊಟ್ಟರು. ಬೇಸಿಗೆಗೆ ಮುಂಚೆಯೇ ಪ್ರಕರಣ ಮುಚ್ಚಿತು. ಹುಡುಗಿ ಪ್ರತಿರೋಧ ತೋರಿದಳು, ಬಳಸಿದ ಬಲ ಅಧಿಕಾರದ ಮಿತಿಯಲ್ಲೇ ಇತ್ತು, ಅಪರಾಧ ನಡೆದಿದೆ ಎನ್ನಲು ಸಾಕ್ಷ್ಯ ಸಾಲದು ಎಂದರು. ಅವನು ಎಬ್ಬಾಳನ್ನು ಬಿಟ್ಟು ನೈನಾಳನ್ನೇ ಯಾಕೆ ಹಿಡಿದ ಎಂಬ ಪ್ರಶ್ನೆಗೆ, ಆ ಗಳಿಗೆಯಲ್ಲಿ ಯಾರಿಂದ ಸದ್ದು ಬಂತೆಂದು ತಿಳಿಯಲಿಲ್ಲ ಎಂಬ ಅವನ ಮಾತೇ ಸಾಕಾಗಿತ್ತು.

ಮೂಳೆ ಕೂಡಿತು. ಆದರೆ ಮಣಿಕಟ್ಟು ಮೊದಲಿನಂತೆ ಹಿಂದಕ್ಕೆ ಬಾಗಲಿಲ್ಲ. ಜೋರಾದ ಚೆಂಡು ತಗುಲಿದರೆ ಮೊಣಕೈವರೆಗೂ ನೋವು ಏರುತ್ತಿತ್ತು. ನೈನಾ ಮೊದಲು ಬದಲಿ ಆಟಗಾರ್ತಿಯಾದಳು, ಆಮೇಲೆ ಕ್ಲಬ್ಬಿಗೆ ಹೋಗುವುದನ್ನೇ ಬಿಟ್ಟಳು. ಅವಳ ಮಂಡಿಪಟ್ಟಿಗಳನ್ನು ಒಗೆದು ಮಡಚಿ ಒಳಗಿಡುವಾಗ ಭಾನುಮತಿ ನಿಶ್ಚಯಿಸಿದಳು. ಆ ಗಾರ್ಡ್ ಇನ್ನು ಆ ಬಾಗಿಲಲ್ಲಿ ನಿಲ್ಲದಂತೆ ಮಾಡಬೇಕು. ನ್ಯಾಯ ಎಂಬ ಮಾತು ಆಗ ಅವಳ ತಲೆಯಲ್ಲಿರಲಿಲ್ಲ. ಅವನೂ ಏನಾದರೂ ಕಳೆದುಕೊಳ್ಳಬೇಕು, ಅಷ್ಟೇ.

ಶನಿವಾರಗಳಲ್ಲಿ ಆ ಬಾಗಿಲ ಎದುರಿನ ಕಾಫಿ ಅಂಗಡಿಯಲ್ಲಿ ಕೂರತೊಡಗಿದಳು. ಅವನ ಹೆಸರು ಪಾಟ್ರಿಕ್ ಎಂದು ಗೊತ್ತಾಯಿತು. ಮುದುಕಿಯರಿಗೆ ಬಾಗಿಲು ಹಿಡಿದು ನಿಲ್ಲುವ, ಮಕ್ಕಳನ್ನು ನಗಿಸುವ ಮನುಷ್ಯ. ಅದನ್ನು ನೋಡಿ ಅವಳ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ಇಷ್ಟು ಮೆತ್ತಗೆ ಇರಲು ಬರುವವನಿಗೆ ನೈನಾಳ ಹತ್ತಿರ ಮಾತ್ರ ಹಾಗಿರಲು ಯಾಕೆ ಬರಲಿಲ್ಲ?

ಕಾಫಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹಲೀಮೋ ಎಂಬ ಸೊಮಾಲಿ ಹೆಂಗಸು ಒಂದು ದಿನ ಕಾಫಿ ಕಪ್ಪು ಎತ್ತುತ್ತಾ, ಪಾಟ್ರಿಕ್ ಕಡೆ ಕಣ್ಣು ತೋರಿಸಿ ಕೇಳಿದಳು.

"ನಿಮ್ಮ ಮನೆಯಲ್ಲಿ ಯಾರನ್ನು ಹಿಡಿದ?"

"ಮಗಳನ್ನು. ನಿಮ್ಮಲ್ಲಿ?"

"ತಮ್ಮನನ್ನು. ಎರಡು ಸಲ. ನಾನು ಇಲ್ಲೇ ನಿಂತು ನೋಡಿದೆ. ಟ್ರೇ ಕೆಳಗಿಟ್ಟು ಓಡಿದ್ದರೆ ಕೆಲಸ ಹೋಗುತ್ತಿತ್ತು."

ಆಸ್ಪತ್ರೆಯಲ್ಲಿ ತಾನು ಅಂದಿದ್ದ ಮಾತು ಭಾನುಮತಿಗೆ ನೆನಪಾಗಿ ಮುಖ ಬಿಸಿಯಾಯಿತು. ಅವತ್ತೇ ಇಬ್ಬರೂ ಫೋನ್ ನಂಬರ್ ತೆಗೆದುಕೊಂಡರು. ಹಲೀಮೋ ಮೂಲಕ ಇನ್ನೂ ಕೆಲವು ಮನೆಗಳವರು ಸಿಕ್ಕರು. ತಾರತಮ್ಯದ ದೂರುಗಳನ್ನು ನೋಡುವ ಒಬ್ಬ ವಕೀಲೆ, "ಎಲ್ಲರ ಮಾತೂ ಒಂದೇ ಥರ ಇದೆ. ಆದರೆ ಅವನು ಬಣ್ಣ ನೋಡಿಯೇ ಹಿಡಿಯುತ್ತಾನೆ ಅಂತ ಕಣ್ಣಿಗೆ ಕಾಣುವ ಹಾಗೆ ಏನಾದರೂ ಬೇಕು" ಎಂದಳು.

"ಒಂದೇ ಜಾಕೆಟ್ಟು, ಒಂದೇ ಟ್ಯಾಗು, ಒಂದೇ ಬಾಗಿಲು. ಹಾಕಿಕೊಂಡವರು ಮಾತ್ರ ಬೇರೆ. ಇಂಥ ಟೆಸ್ಟ್ ಮಾಡುವುದೇ ನನ್ನ ಕೆಲಸ" ಎಂದಳು ಭಾನುಮತಿ.

ಅಕ್ಟೋಬರ್‌ನ ಒಂದು ಮಧ್ಯಾಹ್ನ, ರಸೀದಿ ಜೇಬಿನಲ್ಲಿಟ್ಟುಕೊಂಡು, ಟ್ಯಾಗು ಇನ್ನೂ ಹಾಗೇ ಇದ್ದ ಆ ಹಸಿರು ಜಾಕೆಟ್ಟು ತೊಟ್ಟು ಎಬ್ಬಾ ಗೇಟು ದಾಟಿದಳು. ಕೂಗಿತು. ಪಾಟ್ರಿಕ್ ತಲೆಯೆತ್ತಿ ನೋಡಿ, ನಕ್ಕು, ಹೋಗು ಎಂದು ಕೈ ಬೀಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ದಾಟಿದಳು. ಮತ್ತೆ ನಕ್ಕ. ಕಾಫಿ ಅಂಗಡಿಯ ಮೇಜಿನಿಂದ ಹಲೀಮೋಳ ತಮ್ಮ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ಆಮೇಲೆ ಜಾಕೆಟ್ಟು ತೊಟ್ಟು ಹೋಗುವವನು ಆ ತಮ್ಮನೇ ಎಂದು ಮೊದಲು ಮಾತಾಗಿತ್ತು. ಭಾನುಮತಿ ಒಪ್ಪಿರಲಿಲ್ಲ. "ಇನ್ನೊಬ್ಬರ ಮಗನ ಮೂಳೆ ಪಣಕ್ಕಿಡಲ್ಲ" ಎಂದಿದ್ದಳು. ಅದು ನಿಜವೇ. ಆದರೆ ಪಾಟ್ರಿಕ್ ತನ್ನ ಮೈಮುಟ್ಟಿಯೇ ಸಿಕ್ಕಿಬೀಳಬೇಕು ಎಂಬ ಅವಳ ಆಸೆಯೂ ಅಷ್ಟೇ ನಿಜ.

ಈಗ ಭಾನುಮತಿ ಜಾಕೆಟ್ಟು ತಾನೇ ತೊಟ್ಟು ದಾಟಿದಳು. ಗೇಟು ಕೂಗಿತು. ಪಾಟ್ರಿಕ್ ದಾಪುಗಾಲಲ್ಲಿ ಬಂದ. "ನಿಲ್ಲು. ಬ್ಯಾಗ್."

"ಯಾಕೆ?"

ತೋಳು ಹಿಡಿದು ಗೋಡೆಗೆ ಒತ್ತಿದ. ಬ್ಯಾಗು ಕಿತ್ತು ನೆಲಕ್ಕೆ ಸುರಿದ. ಅವನ ಮುಖ ಗೇಣು ದೂರದಲ್ಲಿತ್ತು. ಎಷ್ಟೋ ಶನಿವಾರ ಎದುರಿಗೇ ಕೂತಿದ್ದವಳನ್ನು ಅವನು ಗುರುತೇ ಹಿಡಿಯಲಿಲ್ಲ. ತೋಳಿನ ನೋವಿಗಿಂತ ಅದು ಅವಳನ್ನು ಕೆರಳಿಸಿತು. ಸ್ವೀಡಿಷ್ ಮರೆತುಹೋಯಿತು, ಬೆಂಗಳೂರು ಕನ್ನಡವೂ ಮರೆತುಹೋಯಿತು.

"ನನ್ನ ಮಗಳ ಕೈ ಮುರದಾಂವ ನೀನ ಅಲ್ಲೇನು? ಹಿಡಿ, ಇನ್ನೂ ಜೋರ ಹಿಡಿ. ಮಂದಿ ನೋಡಾಕತ್ತಾರ."

ಅವನಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಕೈ ಸಡಿಲವಾಯಿತು. ಅವಳು ಜೇಬಿನಿಂದ ರಸೀದಿ ತೆಗೆದು ಅವನ ಕಣ್ಣ ಮುಂದೆ ಹಿಡಿದಳು.

ಆ ವಿಡಿಯೋ ವಕೀಲೆಯ ಕೈ ಸೇರಿತು, ಆಮೇಲೆ ಪತ್ರಿಕೆಗೂ ಹೋಯಿತು. ನಗುವ ಪಾಟ್ರಿಕ್, ಗೋಡೆಗೆ ಒತ್ತುವ ಪಾಟ್ರಿಕ್, ಒಂದರ ಪಕ್ಕ ಒಂದು. ಊರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಕಂಪನಿ ಅವನನ್ನು ಮನೆಗೆ ಕಳಿಸಿತು. ವಸಂತದಲ್ಲಿ ಗಾರ್ಡ್ ಪರವಾನಗಿಯೂ ರದ್ದಾಯಿತು. ಸುದ್ದಿ ಬಂದ ದಿನ ಭಾನುಮತಿ ಹೋಳಿಗೆ ಮಾಡಿ ಹಲೀಮೋಳ ಮನೆಗೆ ಒಯ್ದಳು. ಇಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದರು. ಕನ್ನಡದವರಲ್ಲಿ ಕೆಲವರು, ಹೊರದೇಶದಲ್ಲಿ ಇಷ್ಟು ದೂರ ಹೋಗಬಾರದಿತ್ತು, ಪಾಪ ಅವನಿಗೂ ಸಂಸಾರ ಇರುತ್ತೆ ಎಂದರು. ಮುಂದಿನ ಯುಗಾದಿಗೆ ಹಾಲ್ ಹುಡುಕಲು ಅವರೆಲ್ಲ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದುಕೊಂಡಳು ಭಾನುಮತಿ.

ಆಗಸ್ಟ್‌ನಲ್ಲಿ ನೈನಾ ಓದಲು ದೂರದ ಕಾರ್ಲ್‌ಸ್ಟಾಡ್ ಊರಿಗೆ ಹೊರಟಳು. ರೈಲು ಹತ್ತುವ ಮೊದಲು ಅಮ್ಮನನ್ನು ಅಪ್ಪಿಕೊಂಡು, ಸ್ವೀಡಿಷ್‌ನಲ್ಲಿ ಹೇಳಿದಳು. "ನೀನು ಗೆದ್ದೆ ಅಮ್ಮಾ, ನನಗೆ ಹೆಮ್ಮೆ ಇದೆ. ಆದರೆ ವರ್ಷವೆಲ್ಲಾ ನಮ್ಮ ಊಟದ ಮೇಜಿನಲ್ಲಿ ಅವನದೇ ಮಾತು. ನನಗೆ ಅವನನ್ನು ಮರೀಬೇಕಿತ್ತು."

"ನೀನು ಮರೆತುಬಿಡು. ನಾನು ಮರೆಯಲ್ಲ" ಎಂದಳು ಭಾನುಮತಿ.

ಆ ದೇಶದಲ್ಲಿ ಹಿಮಕ್ಕೆ ಬೇರೆ, ಬೇಸಿಗೆಗೆ ಬೇರೆ ಎಂದು ವರ್ಷಕ್ಕೆ ಎರಡು ಸಲ ಕಾರಿನ ಟೈರ್ ಬದಲಿಸಬೇಕು. ನವೆಂಬರ್‌ನಲ್ಲಿ ಭಾನುಮತಿ ಚಳಿಗಾಲದ ಟೈರ್ ಹಾಕಿಸಲು ಒಂದು ಟೈರ್ ಅಂಗಡಿಗೆ ಹೋದಳು. ನೀಲಿ ಮೇಲಂಗಿ ತೊಟ್ಟು ಕಾರಿನ ಬೀಗದಕೈ ಕೇಳಲು ಬಂದವನು ಪಾಟ್ರಿಕ್. ಈ ಸಲ ಅವನಿಗೆ ಗುರುತು ಸಿಕ್ಕಿತು. ಕುತ್ತಿಗೆಯವರೆಗೂ ಕೆಂಪಾದ.

"ಬೇಕಾದರೆ ಬೇರೆಯವರನ್ನು ಕರೆಯುತ್ತೇನೆ" ಎಂದ.

"ಬೇಡ. ನೀನೇ ಹಾಕು."

ಒಳಗೆ ಬೆಚ್ಚಗಿನ ಕೋಣೆಯಲ್ಲಿ ಗಿರಾಕಿಗಳಿಗೆ ಕುರ್ಚಿ, ಕಾಫಿ ಇತ್ತು. ಅವಳು ಹೋಗಲಿಲ್ಲ. ಕೊರೆಯುವ ಗಾಳಿಯಲ್ಲಿ, ಕೈಗಳನ್ನು ಕೋಟಿನ ಜೇಬಿಗೆ ತೂರಿಸಿಕೊಂಡು ಬಗ್ಗಿ ಕೂತ ಅವನ ಪಕ್ಕದಲ್ಲೇ ನಿಂತಳು. ಅವನು ಒಂದೊಂದೇ ಚಕ್ರ ಬಿಚ್ಚಿ ಕೂರಿಸಿದ. ಒಂದು ಬೋಲ್ಟು ಜಾರಿ ಬಿದ್ದು ಉರುಳಿ ಅವಳ ಬೂಟಿನ ಹತ್ತಿರ ನಿಂತಿತು. ಅವಳು ಬಗ್ಗಲಿಲ್ಲ. ಅವನೇ ಬಂದು ಎತ್ತಿಕೊಂಡ.

ಕೆಲಸ ಮುಗಿಸಿ ಬೀಗದಕೈ ಕೊಡುವಾಗ ಅವನು ಮೆಲ್ಲಗೆ ಕೇಳಿದ, "ನಿಮ್ಮ ಮಗಳು ಹೇಗಿದ್ದಾಳೆ?"

ಭಾನುಮತಿ ಬೀಗದಕೈ ತೆಗೆದುಕೊಂಡಳು.

"ತಪ್ಪಾಯಿತು ಅಂತ ಅವಳಿಗೆ ಹೇಳುತ್ತೀರಾ?"

"ಹೇಳಲ್ಲ. ನಿನ್ನ ಮಾತು ಅವಳ ಮನೆಗೆ ಬರಬಾರದು."

ಮನೆಗೆ ಬಂದು ಬದರಿನಾಥನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು, "ಇನ್ನು ಬಿಡೋಣ ಕಣೇ. ಮುಂದಿನ ಸಲ ಬೇರೆ ಅಂಗಡಿಗೆ ಹೋದರಾಯಿತು" ಎಂದ.

"ಇಲ್ಲ" ಎಂದಳು ಭಾನುಮತಿ, ಕೋಟು ನೇತುಹಾಕುತ್ತಾ. "ಏಪ್ರಿಲ್‌ನಲ್ಲಿ ಬೇಸಿಗೆ ಟೈರ್ ಹಾಕಿಸೋಕೆ ಅಲ್ಲೇ ಬುಕ್ ಮಾಡಿ ಬಂದಿದೀನಿ."