ಬೈಲಪ್ಪ ಮೇಷ್ಟ್ರ ಸುಣ್ಣದ ಗೆರೆ

ಅನುಗೊಂಡನಹಳ್ಳಿ ಹೋಬಳಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಬೈಲಪ್ಪನವರಷ್ಟು ಹೆದರುವ ಮನುಷ್ಯ ಆ ಸುತ್ತಿನಲ್ಲಿ ಇನ್ನೊಬ್ಬರಿರಲಿಲ್ಲ. ಡ್ರಿಲ್ ಮೇಷ್ಟ್ರೆಂದರೆ ಗಿರಿಜಾ ಮೀಸೆ, ಕೈಯಲ್ಲಿ ಬೆತ್ತ, ಗುಡುಗುವ ಗಂಟಲು ಎಂದು ಊರು ತಿಳಿದುಕೊಂಡಿತ್ತು. ಇವರೋ ಕಡ್ಡಿಯಂಥ ಆಳು. ಸೀಟಿ ಊದುವ ಮೊದಲೂ ಯಾರಿಗಾದರೂ ತೊಂದರೆಯಾದೀತೇನೋ ಎಂದು ಸುತ್ತ ಒಮ್ಮೆ ನೋಡುವವರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮೈದಾನದಲ್ಲಿ ಬಗ್ಗಿಕೊಂಡು ಜಾಲಿಮುಳ್ಳು, ಬೆಣಚುಕಲ್ಲು ಆರಿಸುವರು. ಮಕ್ಕಳಿಗೆ ಕೈ, ಕಾಲು, ಸೊಂಟ ಎಲ್ಲ ತಿರುಗಿಸಿ ಮೈ ಬಿಸಿ ಮಾಡಿಸದೆ ಓಡಲು ಬಿಡುತ್ತಿರಲಿಲ್ಲ. ದಾರಿಹೋಕರು ನಿಂತು ನಗುವರು: "ಬೆಳಗೆದ್ದು ನೀರು ಸೇದಿ, ಸಗಣಿ ಬಾಚಿ ಬಂದಿರೋ ಮಕ್ಳು ಮೇಷ್ಟ್ರೇ. ಅವ್ರ ಮೈ ಇನ್ನೇನು ಬಿಸಿ ಮಾಡ್ತೀರಾ?"

ಅವರೂ ರೈತರ ಮನೆಯವರೇ, ಕುಂದಾಣದ ಕಡೆಯವರು. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಕೊರಳಿಗೆ ಸೀಟಿ ನೇತುಹಾಕಿಕೊಂಡು ಊರಿಗೆ ಬಂದಾಗ ಅವರಪ್ಪ, "ಬಸ್ ಕಂಡಕ್ಟ್ರ ಕೆಲಸ ಸಿಕ್ತೇನ್ಲಾ?" ಎಂದು ಕೇಳಿದ್ದರಂತೆ. ಸ್ಕೂಲಿನಲ್ಲೂ ಅವರ ಬೆಲೆ ಅಷ್ಟಕ್ಕಷ್ಟೇ. ಡ್ರಿಲ್ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ನುಂಗಿದರೂ ಬೈಲಪ್ಪ ತುಟಿಪಿಟಕ್ ಎನ್ನುತ್ತಿರಲಿಲ್ಲ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಅದೊಂದು ದಿಗಿಲು ಸದಾ ಎದೆಯಲ್ಲಿ ಕೂತಿತ್ತು.

ಅಂಥವರ ತಲೆಯ ಮೇಲೆ ೧೯೬೮ರಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ಬಂದು ಬಿತ್ತು. ಹುಡುಗಿಯರು ಮೈದಾನಕ್ಕೆ ಪೂರ್ತಿ ಒಂದು ಸುತ್ತು ಓಡುವ ಪಂದ್ಯ ಆ ಕಡೆಗೆ ಅದೇ ಮೊದಲು. ಗೆದ್ದವಳು ಬೆಂಗಳೂರಿಗೆ ಹೋಗಿ ಜಿಲ್ಲಾ ಕೂಟದಲ್ಲಿ ಓಡುವುದು ಎಂದು ತೀರ್ಮಾನವಾಗಿತ್ತು. ಬೈಲಪ್ಪನವರಿಗೆ ಮನಸ್ಸಿನೊಳಗೆ ಒಂದೇ ಆಸೆ, ಭಾಗ್ಯಮ್ಮ ಹೋಗಬೇಕು ಎಂದು. ಒಂಬತ್ತನೇ ಕ್ಲಾಸಿನ ಆ ಹುಡುಗಿ ಓಡಿದರೆ ಕಾಲು ನೆಲ ಮುಟ್ಟಿದ್ದೇ ಕಾಣುತ್ತಿರಲಿಲ್ಲ. ಆದರೆ ಆ ಆಸೆಯನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅವಳ ತಾಯಿ ಅಕ್ಕಯಮ್ಮನ ಮನೆಯಲ್ಲೇ ಮೇಷ್ಟ್ರು ಬಾಡಿಗೆಗಿದ್ದರು, ಎರಡು ಹೊತ್ತಿನ ಮುದ್ದೆಯೂ ಅಲ್ಲೇ.

ಅದಕ್ಕೇ ಅವರು ಎಲ್ಲದರಲ್ಲೂ ಎರಡೆರಡು ಸಲ ಎಚ್ಚರ ವಹಿಸಿದರು. ಯಾವ ಹುಡುಗಿ ಓಟದ ದಾರಿಯ ಯಾವ ಓಣಿಯಲ್ಲಿ ಓಡಬೇಕೆಂದು ಎಲ್ಲರೆದುರು ಚೀಟಿ ಎತ್ತಿಸಿದರು. ತೀರ ಒಳಗಿನ ಓಣಿ, ಮೈದಾನಕ್ಕೆ ಜಾಗ ಕೊಟ್ಟ ಯಜಮಾನ ದೊಡ್ಡಮುನಿಯಪ್ಪನವರ ಮೊಮ್ಮಗಳು ಮುತ್ಯಾಲಮ್ಮನಿಗೆ ಬಂತು. ತೀರ ಹೊರಗಿನದು ಭಾಗ್ಯಮ್ಮನಿಗೆ. ದುಂಡಗೆ ಓಡುವಾಗ ಹೊರಗಿನವಳಿಗೆ ದಾರಿ ಹೆಚ್ಚು, ಆದ್ದರಿಂದ ಅವಳನ್ನು ಅಷ್ಟು ಮುಂದೆ ನಿಲ್ಲಿಸಬೇಕು. ತರಬೇತಿಯಲ್ಲಿ ಕಲಿತ ಪಾಠ. ಸೈಕಲ್ ಚಕ್ರಕ್ಕೆ ಬಟ್ಟೆಚೂರು ಕಟ್ಟಿ ಪ್ರತಿಯೊಂದು ಓಣಿಯಲ್ಲೂ ಉರುಳಿಸಿ, ಚಕ್ರದ ಸುತ್ತು ಎಣಿಸಿ ಅಳೆದರು. ಅನುಮಾನ ಬಂದು ಮತ್ತೆ ಅಳೆದರು. ಕ್ರೀಡಾಕೂಟದ ಹಿಂದಿನ ಸಂಜೆ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಒಬ್ಬರೇ ಕೂತು ಸುಣ್ಣದಲ್ಲಿ ಗೆರೆ ಎಳೆದರು. ಒಳಗಿನ ಗೆರೆ ಹಿಂದೆ, ಹೊರಗಿನದು ಮುಂದೆ ಮುಂದೆ. ಅಲ್ಲಿಯವರೆಗೆ ಆ ಹೋಬಳಿಯಲ್ಲಿ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತು ಓಡಿದ್ದೇ ರೂಢಿ.

ಮರುದಿನ ಹುಡುಗಿಯರು ಲಂಗ ಎತ್ತಿ ಕಟ್ಟಿಕೊಂಡು ಅವರವರ ಗೆರೆಯ ಮೇಲೆ ನಿಂತಿದ್ದೇ ತಡ, ಜನ ಹೋ ಎಂದಿತು.

"ಏನ್ಲಾ ಇದು? ಆ ಹುಡುಗಿ ಆಗ್ಲೇ ಅರ್ಧ ದಾರಿ ಹೋಗಿ ನಿಂತವ್ಳೆ!"

"ಅಕ್ಕಯಮ್ಮನ ಮನೆ ಮುದ್ದೆ ಕಣಪ್ಪೋ! ಮೇಷ್ಟ್ರು ಋಣ ತೀರಿಸ್ತಾವ್ರೆ!"

ಮೇಜಿನ ಹತ್ತಿರ ಕೂತಿದ್ದ ದೊಡ್ಡಮುನಿಯಪ್ಪನವರು ಎದ್ದು ನಿಂತಿದ್ದರು. ಹೆಡ್‌ಮಾಸ್ಟರು ಸಂಜೀವಪ್ಪನವರು ಬೈಲಪ್ಪನವರ ತೋಳು ಹಿಡಿದು ಪಕ್ಕಕ್ಕೆಳೆದರು.

"ಒಂದೇ ಗೆರೆ ಎಳೆದುಬಿಡ್ರೀ ಬೈಲಪ್ಪ. ನಿಮ್ಮ ಖಾಯಂ ಕಾಗದಕ್ಕೆ ನಾನೇ ತಾನೇ ಬರೀಬೇಕಾದೋನು? ಯಜಮಾನ್ರ ಎದುರು ಯಾಕೆ ಈ ರಗಳೆ?"

ಎಳೆಯಬಹುದಿತ್ತು. ಸುಣ್ಣದ ಡಬ್ಬ ಕಾಲ ಬುಡದಲ್ಲೇ ಇತ್ತು, ಅವರು ಬಗ್ಗಿ ಎತ್ತಿಕೊಂಡದ್ದೂ ಉಂಟು. ಅಷ್ಟರಲ್ಲಿ ಅವರ ಕಣ್ಣು ಆ ಹೊರಗಿನ ಓಣಿಯ ಮೇಲೆ ಬಿತ್ತು. ಒಂದೇ ಗೆರೆ ಎಳೆದರೆ ಆ ಹುಡುಗಿ ಓಡುವ ಮೊದಲೇ ಸೋತಳು, ಸೋಲಿಸಿದವನು ನಾನು. ಡಬ್ಬ ಕೆಳಗಿಟ್ಟು ಯಜಮಾನರ ಎದುರು ಹೋಗಿ ನಿಂತರು.

"ಯಜಮಾನ್ರೇ, ಹುರುಳಿ ತುಳಿಸೋವಾಗ ಎತ್ತುಗಳನ್ನ ಕಣದ ನಡುವಿನ ಮೇಟಿ ಕಂಬಕ್ಕೆ ಸಾಲಾಗಿ ಕಟ್ತೀರಲ್ಲ, ಮೇಟಿ ಪಕ್ಕಕ್ಕೆ ಯಾವ ಎತ್ತು ಕಟ್ತೀರಾ?"

"ಮುದಿ ಎತ್ತು. ಯಾಕೆ?"

"ಹೊರಗಡೆಗೆ?"

"ಹೊರಗಡೆ ಎಳೇದೇ ಆಗ್ಬೇಕು. ಅದು ಸುತ್ತೋ ದಾರಿ ಎಷ್ಟು, ಮೇಟಿ ಪಕ್ಕದ್ದು ಸುತ್ತೋ ದಾರಿ..." ಎನ್ನುತ್ತ ದೊಡ್ಡಮುನಿಯಪ್ಪನವರು ಮಾತು ನಿಲ್ಲಿಸಿ ಸುಣ್ಣದ ಗೆರೆಗಳ ಕಡೆ ನೋಡಿದರು. ಮೀಸೆಯಡಿ ನಕ್ಕರು. "ಅಂದ್ರೆ ನನ್ನ ಮೊಮ್ಮಗಳು ಮುದಿ ಎತ್ತು ಅಂತೀರೇನ್ರಪ್ಪಾ?"

ಸುತ್ತ ನಿಂತವರೂ ಗೊಳ್ಳೆಂದರು. ಸಂಜೀವಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು. "ಓಡ್ಸಿ, ಓಡ್ಸಿ. ಲೆಕ್ಕ ಸರಿಯಾಗೈತೆ," ಎಂದು ಯಜಮಾನರು ಅಪ್ಪಣೆ ಕೊಟ್ಟರು. ತಮ್ಮ ಬಾಯಿಂದ ಇಷ್ಟು ಮಾತು ಹೊರಟಿತೇ ಎಂದು ಬೈಲಪ್ಪನವರಿಗೇ ನಂಬಿಕೆ ಬರಲಿಲ್ಲ. ಸುತ್ತ ಒಮ್ಮೆ ನೋಡಿ ಸೀಟಿ ಊದಿದರು.

ಭಾಗ್ಯಮ್ಮ ಚೆನ್ನಾಗಿಯೇ ಹೊರಟಳು. ಮೊದಲ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಅವಳ ಕಾಲು ನಿಧಾನವಾಯಿತು. ಉಳುಕಿತೇ? ಮುಳ್ಳೇ? ಬೆಳಿಗ್ಗೆ ಆ ಮೂಲೆಯಲ್ಲಿ ಸರಿಯಾಗಿ ಆರಿಸಲಿಲ್ಲವೇ? ಬೈಲಪ್ಪನವರ ಜೀವ ಬಾಯಿಗೆ ಬಂತು. "ಓಡು! ಓಡಮ್ಮಾ!" ಎಂದು ಕೂಗಿದ್ದು ಜನರ ಗಲಾಟೆಯಲ್ಲಿ ಮುಳುಗಿಹೋಯಿತು. ಒಳಗಿನ ಓಣಿಯ ಮುತ್ಯಾಲಮ್ಮ ಪಕ್ಕಕ್ಕೆ ಸಮನಾಗಿ ಬಂದ ಮೇಲೆ ಭಾಗ್ಯಮ್ಮ ಮತ್ತೆ ಗಾಳಿಯಂತೆ ಓಡಿದಳು. ಏನು ಓಡಿದರೇನು, ಹೊರಗಿನ ಉದ್ದದ ದಾರಿ ಇನ್ನೂ ಉಳಿದಿತ್ತು. ಕೊನೆಯಲ್ಲಿ ಮುತ್ಯಾಲಮ್ಮನಿಗಿಂತ ಒಂದು ತೋಳಿನಷ್ಟು ಹಿಂದೆ ಬಿದ್ದಳು.

ಯಜಮಾನರು ಬಂದು ಬೆನ್ನು ತಟ್ಟಿದರು. "ಅನುಮಾನ ಪಟ್ವಿ, ತಪ್ಪು ತಿಳ್ಕೋಬೇಡಿ. ನೀವು ನ್ಯಾಯವಂತ್ರು ಮೇಷ್ಟ್ರೇ." ಆ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಅವರು ಆಗಲೇ ಹುಡುಗಿಯ ಕಡೆ ಓಡಿದ್ದರು.

"ಏನಾಯ್ತಮ್ಮಾ? ಕಾಲು ತೋರ್ಸು."

"ಕಾಲಿಗೇನೂ ಆಗಿಲ್ಲ ಸಾರ್." ಅವಳಿಗೆ ಏದುಸಿರು, ಮುಖದಲ್ಲಿ ಮಾತ್ರ ಒಂದು ಬಗೆಯ ಸಮಾಧಾನ. "ಜನ ಎಲ್ಲಾ ನಿಮ್ಮನ್ನ ಏನೇನೋ ಅಂದ್ರು. ನಮ್ಮವ್ವನ ಮುಖ ನೋಡಿ ನನ್ನ ಮುಂದೆ ನಿಲ್ಸಿದ್ರಿ ಅಂತ. ಅದಕ್ಕೇ ಮುತ್ಯಾಲಮ್ಮ ಬರೋಗಂಟ ಕಾದೆ. ಸಮಕ್ಕೆ ಬಂದ್ಮೇಲೆ ಓಡ್ದೆ. ಈಗ ಯಾರೂ ನಿಮ್ಮನ್ನ ಏನೂ ಅನ್ನಂಗಿಲ್ಲ."

ಬೈಲಪ್ಪನವರಿಗೆ ನೆಲ ಕುಸಿದಂತಾಯಿತು. ಊರಿಗೆಲ್ಲ ತಿಳಿಸಿ ಹೇಳಿದ್ದರು. ಯಜಮಾನರಿಗೆ ಹೇಳಿದ್ದರು, ಹೆಡ್‌ಮಾಸ್ಟರಿಗೆ ಗೊತ್ತಾಗಿತ್ತು. ಮೇಜಿನಿಂದ ಅಷ್ಟು ದೂರದಲ್ಲಿ ಗೆರೆಯ ಮೇಲೆ ನಿಂತಿದ್ದ ಹುಡುಗಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡಲೇ ಎಂದು ಒಂದು ಕ್ಷಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಆ ಜಾಗ ನಾನು ಕೊಟ್ಟಿದ್ದಲ್ಲ ಕಣಮ್ಮಾ. ಹೊರಗಿನ ದಾರಿ ಉದ್ದ, ಅದಕ್ಕೇ ಮುಂದೆ ನಿಲ್ಸಿದ್ದು. ಅದು ನಿಂದೇ ಆಗಿತ್ತು. ನಿನಗೆ ಮೊದಲೇ ಹೇಳ್ಬೇಕಾಗಿತ್ತು, ತಪ್ಪು ನಂದು."

ಭಾಗ್ಯಮ್ಮ ಗೆರೆಗಳ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಸೋತಾಗ ಅಳದ ಹುಡುಗಿ ಆಗ ಅಳತೊಡಗಿದಳು.